ಶಕ್ತಿ ಯೋಜನೆಯ ಬಸ್ಸು: ದಿನಾ ಹತ್ತುವವಳ ಅನುಭವ

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ ಕೊಡುವ ಕರ್ನಾಟಕದ ಶಕ್ತಿ ಯೋಜನೆ ಬಗ್ಗೆ ಪರ ವಿರೋಧದ ಜಗಳ ಬೇಕಾದಷ್ಟು ಓದಿದ್ದೇನೆ. ದಿನಾ ಆ ಬಸ್ಸು ಹತ್ತಿ ಇಳಿಯುವವರು ಬರೆದದ್ದು ಕಡಿಮೆ. ನಾನು ಬೆಂಗಳೂರಲ್ಲಿ ಕೆಲಸಕ್ಕೆ ಹೋಗೋದು ಅದರಲ್ಲೇ. ತಿಪಟೂರು ಕಡೆಯ ಹಳ್ಳಿಯಲ್ಲಿರುವ ಅಮ್ಮ ವಾರಕ್ಕೊಂದು ಸಲವಾದರೂ ಹತ್ತುತ್ತಾರೆ. ನಮ್ಮಿಬ್ಬರ ಅನುಭವ ಸೇರಿಸಿ ಬರೆಯುತ್ತಿದ್ದೇನೆ.

ಹೊರ ರಾಜ್ಯದಲ್ಲಿ, ವಿದೇಶದಲ್ಲಿ ಇರುವವರಿಗಾಗಿ ಮೊದಲು ವಿಷಯ ಹೇಳಿಬಿಡುತ್ತೇನೆ. 2023ರ ಜೂನ್ 11ಕ್ಕೆ ಶುರುವಾದದ್ದು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಹೆಣ್ಣುಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕೆಎಸ್ಆರ್‌ಟಿಸಿ, ಬಿಎಂಟಿಸಿ, ವಾಯವ್ಯ, ಕಲ್ಯಾಣ ಕರ್ನಾಟಕ, ನಾಲ್ಕೂ ಸರ್ಕಾರಿ ಸಾರಿಗೆ ನಿಗಮಕ್ಕೆ ಇದು ಅನ್ವಯ. ಆದರೆ ಸಾಮಾನ್ಯ ಬಸ್ಸು ಮತ್ತು ಎಕ್ಸ್‌ಪ್ರೆಸ್ ಮಾತ್ರ. ರಾಜಹಂಸ, ಐರಾವತ, ಎಸಿ, ಸ್ಲೀಪರ್ ಇಲ್ಲ. ರಾಜ್ಯದ ಗಡಿ ದಾಟಿ ಹೋಗೋಕೂ ಇಲ್ಲ. ಕಂಡಕ್ಟರ್ ಕೊಡೋ ಶೂನ್ಯ ಟಿಕೆಟ್ಟನ್ನು ಮರೆಯದೆ ತಗೊಳ್ಳಿ. ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡಬೇಕಾದದ್ದು.

ಈಗ ನನ್ನ ಮಾತು. ಎಲ್ಲರೂ ಉಳಿದ ದುಡ್ಡಿನ ಲೆಕ್ಕ ಹೇಳುತ್ತಾರೆ. ಅದು ಸಣ್ಣದಲ್ಲ. ಆದರೆ ನಮ್ಮ ಮನೆಯಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಬೇರೆ. ಅಮ್ಮ ಈಗ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲು ಹೇಗಿತ್ತು ಅಂದರೆ, ದುಡ್ಡು ಇರುತ್ತಿದ್ದದ್ದು ಗೋಡೆ ಮೊಳೆಗೆ ನೇತುಹಾಕಿದ ಅಪ್ಪನ ಅಂಗಿ ಜೇಬಲ್ಲಿ. ಚಿಕ್ಕಮ್ಮನ ಮನೆ ಇರೋದು ಹುಳಿಯಾರಲ್ಲಿ. ಹೋಗಿ ಬರೋಕೆ ಅರ್ಧ ದಿನ ಸಾಕು. ಆದರೂ ಹೊರಡಬೇಕು ಅಂದರೆ ಹಬ್ಬವೋ, ಸಾವೋ, ಹೆರಿಗೆಯೋ ಏನಾದರೂ ಒಂದು ಇರಬೇಕಿತ್ತು. ಅಪ್ಪ ಕೆಟ್ಟವರಲ್ಲ. ಬೇಡ ಅಂದವರೂ ಅಲ್ಲ. "ಯಾಕೆ, ಏನು ವಿಷಯ?" ಅಂತ ಒಂದು ಮಾತು ಕೇಳುತ್ತಿದ್ದರು ಅಷ್ಟೆ. ಆ ಒಂದು ಮಾತಿಗೆ ಉತ್ತರ ಹುಡುಕೋದರಲ್ಲೇ ಅಮ್ಮನಿಗೆ ಹೋಗೋ ಮನಸ್ಸು ಎಷ್ಟೋ ಸಲ ಮುದುಡಿಹೋಗುತ್ತಿತ್ತು, ಹೋಗಲಿ ಬಿಡು ಅಂತ ಮತ್ತೆ ಒಲೆ ಮುಂದೆ ಕೂರುತ್ತಿದ್ದರು. ತಂಗಿಯನ್ನು ನೋಡಬೇಕು ಅನ್ನಿಸಿತು ಅನ್ನೋದು ನಮ್ಮ ಮನೆಯಲ್ಲಿ ಕಾರಣ ಅಂತ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹೋದ ತಿಂಗಳು ಮಧ್ಯಾಹ್ನ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸದ್ದು.

"ಎಲ್ಲಿದ್ದೀಯಮ್ಮ?"

"ಹುಳಿಯಾರು ಬಸ್ಸಲ್ಲಿದ್ದೀನಿ ಕಣೆ."

"ಏನಮ್ಮ ವಿಶೇಷ?"

"ಏನಿಲ್ಲ, ಸುಮ್ನೆ. ಅವಳನ್ನ ನೋಡ್ಬೇಕು ಅನ್ನಿಸ್ತು."

ಐವತ್ತೆಂಟು ವರ್ಷದ ಹೆಂಗಸು ಸುಮ್ನೆ ಅಂತ ಮನೆಯಿಂದ ಹೊರಟದ್ದು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಇನ್ನೊಂದು ವಿಷಯ ಕಣ್ಣಾರೆ ಕಂಡದ್ದು. ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಜೊತೆ ತಿಪಟೂರಿಗೆ ಹೊರಟೆ. ಅಮ್ಮ ಎಲೆ ಅಡಿಕೆ ಚೀಲದಿಂದ ಆಧಾರ್ ಕಾರ್ಡ್ ತೆಗೆದರು. ಪ್ಲಾಸ್ಟಿಕ್ ಕವರಿಗೆ ಸುಣ್ಣದ ಕಲೆ ಹತ್ತಿತ್ತು. ಸೆರಗಲ್ಲಿ ಒರೆಸಿ ಕೊಟ್ಟರು. ಕಂಡಕ್ಟರ್ ಚಿಕ್ಕ ಹುಡುಗ. ಕಾರ್ಡ್ ನೋಡಿ, ಮುಖ ನೋಡಿ, ಅದರಲ್ಲಿದ್ದ ಹೆಸರನ್ನು ಪೂರ್ತಿ ಓದಿ, ಕೊನೆಗೆ "ಅವ್ರೇ" ಅಂತ ಸೇರಿಸಿ "ಎಲ್ಲಿಗೆ?" ಅಂತ ಕೇಳಿದ. ನಮ್ಮೂರಲ್ಲಿ ಅಮ್ಮನನ್ನು ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ. ಇಂಥವಳ ಅಮ್ಮ, ಇಂಥವರ ಮನೆಯವಳು, ಮೇಲಿನ ಮನೆ ಅತ್ತಿಗೆ, ಹೀಗೇ. ಆ ಹೆಸರು ಕೇಳಿ ಅಮ್ಮ ಸ್ವಲ್ಪ ನೆಟ್ಟಗೆ ಕೂತರು. "ತಿಪಟೂರು, ಎರಡು ಕೊಡಪ್ಪ" ಅಂದರು. ಎರಡೂ ಸೊನ್ನೆಯ ಟಿಕೆಟ್ಟೇ, ಆದರೂ ಕೊಡಿಸಿದ್ದು ತಾನು ಅನ್ನೋ ಹಾಗೆ ನನ್ನ ಕೈಗೆ ಒಂದು ಇಟ್ಟರು.

ಶುರುವಿನಲ್ಲಿ ಊರಲ್ಲಿ ಮಾತಿಗೇನೂ ಕಮ್ಮಿ ಇರಲಿಲ್ಲ. ಅರಳಿಕಟ್ಟೆ ಮೇಲೆ ಕೂತವರು "ಬಿಟ್ಟಿ ಬಸ್ಸು ಬಂತು, ಮನೆ ಯಾರು ನೋಡ್ತಾರೋ" ಅನ್ನುತ್ತಿದ್ದರಂತೆ. ಅಮ್ಮ ಮೊದಲ ಎರಡು ಮೂರು ತಿಂಗಳು ಹತ್ತಲೇ ಇಲ್ಲ. ಪಕ್ಕದ ಬೀದಿಯ ನಾಲ್ಕು ಜನ ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ ಧೈರ್ಯ ಬಂದದ್ದು. ಒಬ್ಬಳು ಹೋದರೆ ಊರಿಗೆಲ್ಲ ಸುದ್ದಿ. ಹತ್ತು ಜನ ಹೋದರೆ ಬಸ್ಸು ರಶ್ ಅಷ್ಟೆ. ಅಮ್ಮನ ಮನಸ್ಸು ಬದಲಾದದ್ದು ಮೊದಲೋ, ಊರು ಬದಲಾದದ್ದು ಮೊದಲೋ ಅಂತ ನಾನು ಯೋಚನೆ ಮಾಡಿದ್ದೇನೆ, ಬಿಡಿಸಿ ಹೇಳೋಕಾಗಲ್ಲ. ಬಿಟ್ಟಿ ಟಿಕೆಟ್ ಇದ್ದಷ್ಟಕ್ಕೇ ಏನೂ ಆಗುತ್ತಿರಲಿಲ್ಲ, ಯಾರೋ ಮೊದಲು ಹೊಸಿಲು ದಾಟಬೇಕಿತ್ತು. ದಾಟಿದವರಿಗೂ ಆ ಬಿಟ್ಟಿ ಟಿಕೆಟ್ ಇಲ್ಲದಿದ್ದರೆ ಕಾಲು ಬರುತ್ತಿರಲಿಲ್ಲ.

ಆ ಮೊದಲ ತಿಂಗಳುಗಳಲ್ಲಿ ಧರ್ಮಸ್ಥಳ, ಸವದತ್ತಿ ಎಲ್ಲಮ್ಮನ ಗುಡ್ಡ ಎಲ್ಲಾ ಕಡೆ ಹೆಂಗಸರೇ ತುಂಬಿದ್ದಾಗ ಆಡಿಕೊಂಡು ನಕ್ಕವರು ಬಹಳ. ನನಗೆ ಅದು ತುಂಬಾ ನೋವಾಗಿತ್ತು. ಯಾಕೆ ದೇವಸ್ಥಾನಕ್ಕೇ ಹೋದರು ಅಂತ ಯೋಚಿಸಿ. ಹೆಂಗಸು ಎಲ್ಲಿಗೆ ಹೊರಟರೂ ಕೇಳುವ ಮನೆಯಲ್ಲಿ, ದೇವರ ಹೆಸರು ಹೇಳಿದರೆ ಮಾತ್ರ ಯಾರೂ ಎದುರು ಮಾತಾಡಲ್ಲ. ಅದೊಂದೇ ಬಾಗಿಲು ತೆರೆದಿತ್ತು, ಅದರಿಂದಲೇ ಹೊರಗೆ ಬಂದರು. ಆಮೇಲೆ ನಮ್ಮೂರಿನವರು ಸಂತೆಗೆ, ಆಸ್ಪತ್ರೆಗೆ, ಹೊಲಿಗೆ ಕಲಿಯೋಕೆ ಹೋಗೋದು ಶುರುವಾಯಿತು.

ಬೆಂಗಳೂರಿನಲ್ಲೂ ಒಂದು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಮನೆಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಮೊದಲು ನಡೆದು ಹೋಗುವಷ್ಟು ದೂರದ ಮನೆಗಳನ್ನಷ್ಟೇ ಒಪ್ಪಿಕೊಳ್ಳುತ್ತಿದ್ದರು. ಸಂಬಳವೂ ಅಷ್ಟರೊಳಗೇ ತೀರ್ಮಾನ ಆಗುತ್ತಿತ್ತು, ಏಕೆಂದರೆ ಬಿಟ್ಟು ಬೇರೆ ಕಡೆ ಹೋಗಲ್ಲ ಅಂತ ಮನೆಯವರಿಗೂ ಗೊತ್ತು. ಈಗ ಬಿಎಂಟಿಸಿ ಹತ್ತಿ ನಾಲ್ಕು ಸ್ಟಾಪ್ ಆಚೆಯ ಲೇಔಟಿಗೆ ಹೋಗುತ್ತಾರೆ. ಅಲ್ಲಿ ಸಂಬಳ ಜಾಸ್ತಿ. ಇದು ಗೊತ್ತಾದ ಮೇಲೆ ನಮ್ಮ ಬೀದಿಯ ಒಂದು ಮನೆಯವರೂ ಸಂಬಳ ಏರಿಸಿದರು.

ಗಂಡಸರ ಸಿಟ್ಟಿಗೆ ಕಾರಣವೇ ಇಲ್ಲ ಅನ್ನಲ್ಲ. 2025ರ ಜನವರಿ 5ರಿಂದ ದರ ಶೇಕಡಾ 15ರಷ್ಟು ಏರಿತು, ಅದು ಹೆಚ್ಚಾಗಿ ಬಿದ್ದದ್ದು ಅವರ ಜೇಬಿಗೆ. ಕೂಲಿಗೆ ಹೋಗೋ ಗಂಡಸಿಗೆ ಅದು ಭಾರವೇ. ಕೆಎಸ್ಆರ್‌ಟಿಸಿ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಇಟ್ಟದ್ದು ನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದು ದಿನ ಸಂಜೆ, ಎಂಟು ಗಂಟೆ ಮೆಷಿನ್ ಮುಂದೆ ಕೂತು ಬಂದ ಗಾರ್ಮೆಂಟ್ಸ್ ಹುಡುಗಿಯೊಬ್ಬಳು ಖಾಲಿ ಸೀಟಲ್ಲಿ ಕೂತಾಗ ಒಬ್ಬರು "ದುಡ್ಡು ಕೊಟ್ಟೋರು ನಿಂತವ್ರೆ" ಅಂತ ಎಲ್ಲರಿಗೂ ಕೇಳೋ ಹಾಗೆ ಅಂದರು. ಅವಳು ಎದ್ದುಬಿಟ್ಟಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಅವಳು ತೊಡೋ ಬಟ್ಟೆಯಲ್ಲಿ, ಕೊಳ್ಳೋ ಸೋಪಿನಲ್ಲಿ ತೆರಿಗೆ ಇಲ್ವಾ?

ಕೊರತೆ ಹೇಳಬೇಕು. ಜನ ಏರಿದಷ್ಟು ಬಸ್ಸು ಏರಬೇಕು, ಅದರಲ್ಲೂ ಹಳ್ಳಿ ಕಡೆ ಕಾಲೇಜು ಹೊತ್ತಿಗೆ. 2025ರ ಜುಲೈನಲ್ಲಿ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಇಷ್ಟು ಜನ ಹತ್ತುತ್ತಾರೆ ಅಂದಮೇಲೆ ಅದಕ್ಕೆ ತಕ್ಕ ಬಸ್ಸು, ಸಿಬ್ಬಂದಿ ಕೊಡೋದು, ನಿಗಮಗಳಿಗೆ ದುಡ್ಡನ್ನು ಹೊತ್ತಿಗೆ ಸರಿಯಾಗಿ ಕಟ್ಟೋದು ಸರ್ಕಾರದ ಜವಾಬ್ದಾರಿ. ಎರಡನೆಯದು, ಉಡುಪಿ, ಮಂಗಳೂರು ಕಡೆ ಮೊದಲಿಂದಲೂ ಖಾಸಗಿ ಬಸ್ಸೇ ಜಾಸ್ತಿ. ಅಲ್ಲಿನ ನನ್ನ ಗೆಳತಿಗೆ ಈ ಯೋಜನೆ ಇದ್ದೂ ಇಲ್ಲದ ಹಾಗೆ. ಒಂದೇ ರಾಜ್ಯ, ಒಂದೇ ಆದೇಶ, ಮನೆ ಮುಂದಿನ ರಸ್ತೆಯಲ್ಲಿ ಯಾವ ಬಸ್ಸು ಓಡುತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಮೂರನೆಯದು ನನಗೆ ಬಹಳ ಕಾಡುವುದು: ಬೇರೆ ರಾಜ್ಯದಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವ ಹೆಂಗಸರ ಆಧಾರಿನಲ್ಲಿ ಕರ್ನಾಟಕದ ವಿಳಾಸ ಇರಲ್ಲ. ಅವರು ದುಡ್ಡು ಕೊಟ್ಟೇ ಹೋಗಬೇಕು. ಅವರಿಗೂ ಒಂದು ದಾರಿ ಮಾಡಬೇಕು.

ಐದಕ್ಕೆ ಎಷ್ಟು ಅಂದರೆ ನಾಲ್ಕು ಕೊಡುತ್ತೇನೆ. ಅಮ್ಮನನ್ನು ಕೇಳಿದರೆ ಐದೂ ಕೊಡುತ್ತಾರೆ.

ಅಮ್ಮ ಈಗ ಬೇಲೂರಿಗೆ ಹೊರಡುವ ತಯಾರಿಯಲ್ಲಿದ್ದಾರೆ. ಅರಸೀಕೆರೆಯಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಜಾವಗಲ್ ಮೇಲೆ ಹೋಗುತ್ತೆ, ದಾರಿಯಲ್ಲೇ ಹಳೇಬೀಡೂ ಸಿಗುತ್ತೆ ಅಂತ ಎಲ್ಲಾ ಯಾರನ್ನೋ ಕೇಳಿ ತಿಳಿದುಕೊಂಡಿದ್ದಾರೆ. ಜೊತೆಗೆ ಪಕ್ಕದ ಮನೆಯವರು. ಅವರು ಮದುವೆಯಾಗಿ ಬಂದ ಮೇಲೆ ತಿಪಟೂರಿನಿಂದ ಆಚೆ ಹೋಗಿಲ್ಲವಂತೆ. "ಭಾನುವಾರ ಬೇಡ, ರಶ್ ಇರುತ್ತೆ. ಬುಧವಾರ ಹೋಗೋಣ. ಆಧಾರ್ ಮರೀಬೇಡ, ಜೆರಾಕ್ಸ್ ಅಲ್ಲ, ಕಾರ್ಡೇ ತಗೋ" ಅಂತ ಅಮ್ಮ ಅವರಿಗೆ ಹೇಳಿಕೊಡುತ್ತಿದ್ದದ್ದು ಫೋನಿನಲ್ಲಿ ನನಗೆ ಕೇಳಿಸಿತು.