ಲೇಬಲ್ ಇಲ್ಲದ ಬಾಟಲಿಯ ಕೀಟನಾಶಕವನ್ನು ಮನೆಗೆ ತರಬೇಡಿ

ಅಂಕೋಲಾ, ಕುಮಟಾ, ಕಾರವಾರದ ಕಡೆ ಹಿತ್ತಲಿನಲ್ಲಿ ಬದನೆ, ಮೆಣಸು, ಹರಿವೆ ಬೆಳೆಯುವವರೆಲ್ಲ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗಿಡವನ್ನು ನೋಡದೆ, ಮೊಬೈಲಿನ ಫೋಟೋ ನೋಡಿ ಔಷಧಿ ಕೊಡುವ ಅಂಗಡಿಯನ್ನು ನಂಬಬೇಡಿ. ಹಳೆಯ ನೀರಿನ ಬಾಟಲಿಗೆ ಸುರಿದುಕೊಡುವ ದ್ರವವನ್ನಂತೂ ಮುಟ್ಟಲೇಬೇಡಿ. ನಮ್ಮ ಆಯಿ ಅದರಿಂದ ಆಸ್ಪತ್ರೆ ಸೇರುವಂತಾಯಿತು.

ಶುರುವಾದದ್ದು ಬದನೆಯಿಂದ. ಭತ್ತದ ಕೊಯ್ಲು ಮುಗಿದ ಮೇಲೆ ಆಯಿ ಹಿತ್ತಲಿನಲ್ಲಿ ಮಡಿ ಮಾಡಿ ಬದನೆ, ಮೆಣಸಿನ ಸಸಿ ನೆಟ್ಟಿದ್ದರು. ಶಿವರಾತ್ರಿಯ ಹೊತ್ತಿಗೆ ಸೆಕೆ ಏರಿತು. ಕಾಯಿ ಬಿಡುತ್ತಿದ್ದ ಬದನೆ ಗಿಡವೊಂದು ಮಧ್ಯಾಹ್ನ ಎಲೆ ಜೋತುಹಾಕಿ ನಿಂತಿತು. ಸಂಜೆ ಚೇತರಿಸಿಕೊಂಡಿತು. ಎರಡು ದಿನ ಕಳೆಯುವಷ್ಟರಲ್ಲಿ ಎಷ್ಟು ನೀರು ಹಾಕಿದರೂ ಏಳಲಿಲ್ಲ. ಎಲೆ ಹಳದಿಯಾಗಲಿಲ್ಲ, ಚುಕ್ಕೆ ಬೀಳಲಿಲ್ಲ. ಹಸಿರಾಗಿದ್ದಂತೆಯೇ ಗಿಡ ಸತ್ತಿತು. ಆಮೇಲೆ ಅದೇ ಸಾಲಿನ ಪಕ್ಕದ್ದು, ಅದರ ಪಕ್ಕದ್ದು.

ಅಣ್ಣ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದ. ಅಂಗಡಿಯವರು ಬೇರು ಕೊಳೆ ಎಂದು ಹೇಳಿ ಶಿಲೀಂಧ್ರನಾಶಕದ ಪುಡಿ ಕೊಟ್ಟರು. ಅದರಿಂದ ಏನೂ ಆಗಲಿಲ್ಲ. ಮತ್ತೆ ಹೋದಾಗ ಹುಳ ಇರಬೇಕು ಎಂದು ಕೀಟನಾಶಕ ಕೊಟ್ಟರು. ಮೂರನೆಯ ಸಲ ಗಿಡಕ್ಕೆ ಶಕ್ತಿ ಸಾಲದು ಎಂದು ಟಾನಿಕ್. ಬೇರು ಹೇಗಿದೆ, ಕಾಂಡ ಸೀಳಿ ನೋಡಿದಿರಾ, ಆ ಜಾಗದಲ್ಲಿ ಹಿಂದೆ ಏನು ಬೆಳೆದಿದ್ದಿರಿ ಎಂಬ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ.

ನಮ್ಮ ಗಿಡಗಳಿಗೆ ಬಂದಿದ್ದದ್ದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಇದನ್ನು ತಿಳಿಯಲು ಯಾವ ಅಂಗಡಿಯೂ ಬೇಡ, ಒಂದು ಗಾಜಿನ ಲೋಟ ಸಾಕು. ಆಗತಾನೇ ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಬೆರಳುದ್ದದ ತುಂಡನ್ನು ತೆಗೆದುಕೊಳ್ಳಬೇಕು. ಕತ್ತರಿಸಿದ ತುದಿ ಮುಳುಗುವ ಹಾಗೆ ಅದನ್ನು ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗಿಳಿದರೆ ಅದು ದುಂಡಾಣು. ತೋಟಗಾರಿಕೆ ಇಲಾಖೆಯ ಸಿಬ್ಬಂದಿಯೊಬ್ಬರು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೇ ಇದನ್ನು ಮಾಡಿ ತೋರಿಸಿದರು. ರೋಗ ಹಿಡಿದ ಗಿಡವನ್ನು ಉಳಿಸುವ ಔಷಧಿಯೇ ಇಲ್ಲ ಎಂದೂ ಅವರೇ ಹೇಳಿದರು. ಇಲ್ಲದ ಔಷಧಿಗೆ ನಮ್ಮಿಂದ ಮೂರು ಸಲ ದುಡ್ಡು ಕೀಳಲಾಗಿತ್ತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆದರೆ ದುಡ್ಡು ಹೋದದ್ದು ದೊಡ್ಡ ಮಾತಲ್ಲ. ಬದನೆಯ ಗೋಳಾಟದ ನಡುವೆಯೇ ಮೆಣಸಿನ ಎಲೆಗಳು ಮುದುಡತೊಡಗಿದ್ದವು. ಅದಕ್ಕೆಂದು ಅದೇ ಅಂಗಡಿಯವರು ಒಳಗಿನಿಂದ ಏನನ್ನೋ ಬಾಟಲಿಗೆ ಬಗ್ಗಿಸಿ ತಂದುಕೊಟ್ಟರು. ಹೆಸರಿಲ್ಲ, ಲೇಬಲ್ ಇಲ್ಲ, ಬಿಲ್ಲೂ ಇಲ್ಲ. "ಒಂದು ಮುಚ್ಚಳ ಒಂದು ಲೀಟರಿಗೆ, ನಾಳೆಯೇ ಕಾಯಿ ಕೊಯ್ಯಬಹುದು" ಎಂದಿದ್ದರಂತೆ. ಆಯಿ ಸಂಜೆ ಕಡಲ ಗಾಳಿ ಬೀಸುವಾಗ ಕೈಪಂಪಿನಲ್ಲಿ ಸಿಂಪಡಿಸಿದರು. ರಾತ್ರಿ ಊಟಕ್ಕೆ ಕುಳಿತವರು ಏಳಲಾರದೆ ಹೋದರು. ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ನಿಲ್ಲದ ಜೊಲ್ಲು, ಕಣ್ಣು ಮಂಜು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ಯಾವ ವಿಷ ಎಂದು. ಬಾಟಲಿಯನ್ನು ಮುಂದಿಟ್ಟೆವು. ಅದರ ಮೇಲೆ ಓದಲು ಒಂದಕ್ಷರವೂ ಇರಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಎಲ್ಲರೂ ಇದನ್ನೇ ಒಯ್ಯುತ್ತಾರೆ, ಯಾರಿಗೂ ಏನೂ ಆಗಿಲ್ಲ" ಎಂದರೇ ಹೊರತು ಹೆಸರು ಹೇಳಲಿಲ್ಲ. ಕಣ್ಣಿನ ಪಾಪೆ ಕಿರಿದಾಗಿರುವುದನ್ನೂ ಉಳಿದ ಲಕ್ಷಣಗಳನ್ನೂ ನೋಡಿ ವೈದ್ಯರೇ ಊಹಿಸಿ ಚಿಕಿತ್ಸೆ ಶುರುಮಾಡಿದರು. ಆಯಿ ಈಗ ಚೆನ್ನಾಗಿದ್ದಾರೆ.

ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತ್ಯಂತ ಘೋರ ವಿಷ; ಆಮೇಲೆ ಇಳಿಮುಖವಾಗಿ ಹಳದಿ, ನೀಲಿ, ಹಸಿರು. ಯಾವ ಬೆಳೆಗೆ, ಎಷ್ಟು ಪ್ರಮಾಣ, ಸಿಂಪಡಿಸಿ ಎಷ್ಟು ದಿನದ ಮೇಲೆ ಕೊಯ್ಯಬೇಕು, ವಿಷವೇರಿದರೆ ಏನು ಚಿಕಿತ್ಸೆ ಎಂಬುದೆಲ್ಲ ಲೇಬಲ್ಲಿನಲ್ಲಿ ಮತ್ತು ಜೊತೆಗಿರುವ ಚೀಟಿಯಲ್ಲಿ ಇರುತ್ತದೆ. ಬಾಟಲಿಗೆ ಬಗ್ಗಿಸಿದ ಕ್ಷಣದಲ್ಲಿ ಇದೆಲ್ಲ ಕಳೆದುಹೋಗುತ್ತದೆ. ಹಾಗೆ ಮಾರುವುದು 1968ರ ಕೀಟನಾಶಕ ಕಾಯ್ದೆಗೆ ವಿರುದ್ಧ. ಮೊನೊಕ್ರೊಟೊಫಾಸ್ ಎಂಬ ವಿಷವನ್ನು ತರಕಾರಿಗೆ ಬಳಸಬಾರದೆಂದು ಸರ್ಕಾರ 2005ರಲ್ಲೇ ನಿಷೇಧಿಸಿತ್ತು. ಲೇಬಲ್ ಇಲ್ಲದ ಬಾಟಲಿಯಲ್ಲಿ ಅಂಥದ್ದೇ ಇದ್ದರೆ ಗೊತ್ತಾಗುವುದಾದರೂ ಹೇಗೆ?

ಇನ್ನು ಆ ಮೆಣಸಿನ ಗಿಡಗಳ ವಿಷಯ. ಎಲೆ ಮುದುಡಿದ್ದನ್ನೆಲ್ಲ ಒಟ್ಟಾಗಿ ಮುಟುರು ರೋಗ ಎಂದುಬಿಡುತ್ತೇವೆ. ಮುದುಡುವ ದಿಕ್ಕನ್ನು ನೋಡಬೇಕು. ಎಲೆಯ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಹೆಚ್ಚಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಅಂಚು ಕೆಳಕ್ಕೆ ಮಗುಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆಗಳು ಸಣ್ಣದಾಗಿ ಗುಂಪುಗೂಡಿ ಗಿಡ ಗಿಡ್ಡವಾಗಿಯೇ ಉಳಿದರೆ, ಅಡಿಯಲ್ಲಿ ಬಿಳಿನೊಣ ಹಾರಿದರೆ, ನಂಜುರೋಗದ (ವೈರಸ್) ಸಂಶಯ ಪಡಬೇಕು. ಅಂಥ ಗಿಡವನ್ನು ಕೀಳುವುದೇ ಸರಿ. ಮೈಟ್ ನುಸಿ ಕೀಟವಲ್ಲ, ಜೇಡನ ಬಳಗದ್ದು. ಸಾಧಾರಣ ಕೀಟನಾಶಕ ಹೊಡೆದರೆ ಅದನ್ನು ತಿನ್ನುವ ಜೀವಿಗಳು ಸತ್ತು ನುಸಿ ಇನ್ನೂ ಹೆಚ್ಚುತ್ತದೆ. ನಮ್ಮಲ್ಲಿ ಎಲೆಗಳು ಕೆಳಕ್ಕೇ ಮಗುಚಿದ್ದವು. ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗ ನೋಡಿ. ರೋಗ, ಹುಳದ ಗುರುತು ಅರ್ಧಕ್ಕರ್ಧ ಅಲ್ಲೇ ಸಿಗುತ್ತದೆ.

ಬಾಡುವುದೂ ಹಾಗೆಯೇ, ಎಲ್ಲ ಒಂದೇ ಅಲ್ಲ. ಬದನೆಯ ಒಂದು ಕುಡಿ ಮಾತ್ರ ಬಾಗಿದ್ದರೆ ಸೀಳಿ ನೋಡಿ, ಒಳಗೆ ಕುಡಿ ಕೊರಕ ಹುಳ ಇರುತ್ತದೆ. ಆ ಕುಡಿ ಚಿವುಟಿ ನಾಶಮಾಡಿದರೆ ಆಯಿತು. ಗಿಡ ಬೆಳೆಯದೆ ಸೊರಗಿದ್ದರೆ ಕಿತ್ತು ಬೇರು ನೋಡಿ, ಗಂಟುಗಂಟಾಗಿದ್ದರೆ ಮಣ್ಣಿನಲ್ಲಿರುವ ಜಂತುಹುಳು (ನೆಮಟೋಡ್). ಕಡಲಿಗೆ, ಅಳಿವೆಗೆ ಹತ್ತಿರವಿರುವ ಮನೆಗಳಲ್ಲಿ ಎಲೆಯ ಅಂಚು ಸುಟ್ಟಂತಾದರೆ ಮೊದಲು ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಬೇಸಿಗೆಯಲ್ಲಿ ನೀರು ಉಪ್ಪಾಗಿರುತ್ತದೆ, ಅದಕ್ಕೆ ಯಾವ ಔಷಧಿಯೂ ತಾಗದು.

ದುಂಡಾಣು ಸೊರಗು ಬಂದ ಮಣ್ಣಿನಲ್ಲಿ ರೋಗ ವರ್ಷಗಟ್ಟಲೆ ಉಳಿಯುತ್ತದೆ. ಹುಳಿ ಮಣ್ಣು, ಸೆಕೆ, ತೇವ ಮೂರೂ ಕೂಡಿದ ನಮ್ಮ ಕರಾವಳಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆ ಮಡಿಯಲ್ಲಿ ಬದನೆ, ಟೊಮೆಟೊ, ಮೆಣಸು ಮತ್ತೆ ಬೇಡ. ಬೇರೆ ಮಡಿಯಲ್ಲಿ ನೆಡುವುದಾದರೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ರೋಗ ತಡೆಯುವ ತಳಿಗಳಿವೆ: ಬದನೆಯಲ್ಲಿ ಅರ್ಕಾ ಕೇಶವ, ಅರ್ಕಾ ನಿಧಿ, ಟೊಮೆಟೊದಲ್ಲಿ ಅರ್ಕಾ ರಕ್ಷಕ್. ಸತ್ತ ಗಿಡವನ್ನು ಗೊಬ್ಬರ ಗುಂಡಿಗೆ ಎಸೆಯಬೇಡಿ, ಒಣಗಿಸಿ ಬಚ್ಚಲ ಒಲೆಗೆ ಹಾಕಿ. ಆ ಮಡಿಯ ನೀರು ಪಕ್ಕದ ಮಡಿಗೆ ಹರಿಯದಂತೆ ನೋಡಿಕೊಳ್ಳಿ.

ಗಿಡದ ಬಗ್ಗೆ ಕೇಳಬೇಕೆಂದರೆ ಬೇರು ಸಮೇತ ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಘಟ್ಟದ ಮೇಲಿನವರಿಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಸಿಂಪಡಿಸಿದವರಿಗೆ ವಾಂತಿ, ಜೊಲ್ಲು, ಬೆವರು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಬಟ್ಟೆ ಬದಲಿಸಿ, ಮೈಗೆ ಸೋಪು ಹಾಕಿ ತೊಳೆದು, 108ಕ್ಕೆ ಕರೆ ಮಾಡಿ. ಈಗಾಗಲೇ ಮನೆಯಲ್ಲಿ ಇಂಥ ಬಾಟಲಿ ಇದ್ದರೆ ಹಳ್ಳಕ್ಕೆ ಸುರಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು, ಯಾವ ಅಂಗಡಿಯದೆಂದು ಬರೆದು ಕೃಷಿ ಇಲಾಖೆಯ ಕಚೇರಿಗೆ ದೂರು ಕೊಡಿ. ನಾವೂ ಕೊಟ್ಟಿದ್ದೇವೆ.