1:33 ಕಾಗದದ ಮಿಗ್-21 ಕಿಟ್: ಬೆಳಗಾವಿಯ ಎರಡು ಮಳೆಗಾಲ ಕಂಡ ಮೇಲೆ

ಹಾಳೆ ಕತ್ತರಿಸಿ ಅಂಟಿಸಿ ಕಟ್ಟುವ ಈ ಮಿಗ್-21 ಯುದ್ಧವಿಮಾನದ ಕಿಟ್ ತರಿಸಿ ಎರಡು ವರ್ಷದ ಮೇಲಾಯಿತು. ಕಟ್ಟಿ ಮುಗಿಸೋಕೆ ಏಳು ತಿಂಗಳು ಹಿಡಿಯಿತು. ಕಾಗದದ ವಿಮಾನ ಹೇಗಿದೆ ಅಂತ ಹೇಳಬೇಕಾದರೆ ನಮ್ಮೂರಿನ ಜುಲೈ ತಿಂಗಳು ದಾಟಿಸಿ ನೋಡಲೇಬೇಕು, ಅದಕ್ಕೇ ಇಷ್ಟು ದಿನ ಕಾದೆ.

ಮೊದಲು ಒಳ್ಳೆಯದು ಹೇಳ್ತೀನಿ. ಪ್ರಿಂಟ್ ತುಂಬಾ ಚೆನ್ನಾಗಿದೆ. ತಗಡಿನ ಜೋಡಣೆಗೆರೆ, ರಿವಿಟ್ ಸಾಲು, ಎಂಜಿನ್ ಬಾಯಿಯ ಮಸಿ, ಎಲ್ಲಾ ಸ್ಪಷ್ಟ. ನಿಜವಾದ ಮಿಗ್-21ರ ರೆಕ್ಕೆ ತುದಿಯಿಂದ ತುದಿಗೆ 7.15 ಮೀಟರ್, 1:33 ಅಂದರೆ 33 ಪಟ್ಟು ಚಿಕ್ಕದು, ಹಾಗಾಗಿ ಇದರಲ್ಲಿ ಸುಮಾರು 21.7 ಸೆಂ.ಮೀ. ಬರುತ್ತೆ, ಅಂದರೆ ಕಪಾಟಿನಲ್ಲಿ ಆರಾಮಾಗಿ ಕೂರುತ್ತೆ.

ಕಷ್ಟ ಇರೋದು ಮೂತಿಯಲ್ಲಿ. ಮಿಗ್-21ಕ್ಕೆ ಗಾಳಿ ಒಳಗೆ ಹೋಗೋದು ಮೂತಿಯಿಂದಲೇ, ಅದರ ನಡುವೆ ಚೂಪಾದ ಶಂಕು ಇರುತ್ತೆ. ಆ ಶಂಕುವನ್ನು ಒಂದೇ ತುಂಡು ಕಾಗದದಿಂದ ಸುತ್ತಬೇಕು. ಅವ್ವ ಸ್ವೆಟರ್ ಹೆಣೆಯುವ ಕಡ್ಡಿ ತಗೊಂಡು, ಮೌಸ್ ಪ್ಯಾಡ್ ಮೇಲೆ ಕಾಗದವನ್ನು ಮೆಲ್ಲಗೆ ಉರುಳಿಸುತ್ತಾ ಹೋದರೆ ತಾನಾಗೇ ಬಾಗುತ್ತೆ, ಅವಸರ ಮಾಡಿದರೆ ಒಂದು ಗೆರೆ ಬಿದ್ದು ಅದು ಕೊನೆವರೆಗೂ ಕಾಣುತ್ತೆ. ನಾನು ಮೂರು ಸಲ ಮಾಡಿದೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತೆ ಅಲ್ವಾ, ಅಂಟಿಸೋ ಮುಂಚೆ ಅದಕ್ಕೆ ಅದೇ ಬಣ್ಣದ ನೀರುಬಣ್ಣ ಹಚ್ಚಲೇಬೇಕು. ಇದೊಂದು ಬಿಟ್ಟರೆ ಎಷ್ಟು ಕೆಲಸ ಮಾಡಿದರೂ ಆಟಿಕೆ ಥರಾನೇ ಕಾಣುತ್ತೆ.

ಬೇಸರ ಆಗಿದ್ದು ಒಂದೇ. ಹೊಟ್ಟೆಯೊಳಗೆ ಆಕಾರ ಹಿಡಿಯೋಕೆ ರಟ್ಟಿನ ಬಿಲ್ಲೆಗಳು ಬರುತ್ತವೆ, ಅದರಲ್ಲಿ ನಾಲ್ಕನೆಯದು ಅರ್ಧ ಮಿ.ಮೀ. ದೊಡ್ಡದು. ಹೊರಗಿನ ಕಾಗದ ಕೂಡೋದೇ ಇಲ್ಲ. ಉಪ್ಪುಕಾಗದದಲ್ಲಿ ತಿಕ್ಕಿ ಸರಿಮಾಡಿದೆ. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಇಷ್ಟು ಬೆಲೆ ಕೊಟ್ಟ ಮೇಲೆ ಇದು ಸರಿಯಲ್ಲ.

ಇನ್ನು ಮಳೆ. ಮೊದಲ ಜುಲೈನಲ್ಲೇ ಎಡ ರೆಕ್ಕೆ ತುದಿ ಮೇಲಕ್ಕೆ ಎದ್ದಿತು, ಬೆನ್ನಿನ ಜೋಡಣೆ ಒಂದು ಕಡೆ ಬಾಯಿ ಬಿಟ್ಟಿತು. ಕಾರಣ ನಾನು ಒಳಗೆ ಬಿಳಿ ಅಂಟು ಜಾಸ್ತಿ ಹಚ್ಚಿದ್ದು, ವಾರ್ನಿಶ್ ಹೊರಗೆ ಮಾತ್ರ ಹೊಡೆದದ್ದು. ಒಂದೇ ಕಡೆ ಹೊಡೆದರೆ ಇನ್ನೊಂದು ಕಡೆ ತೇವ ಕುಡಿಯುತ್ತೆ, ಕಾಗದ ಸೊಟ್ಟ ಆಗುತ್ತೆ. ಇದೇ ರೀತಿ ಕಟ್ಟಿದ ಇನ್ನೊಂದು ಚಿಕ್ಕ ವಿಮಾನ ವಿಜಯಪುರದಲ್ಲಿ ಕಾಕಾ ಅವರ ಮನೆಯಲ್ಲಿದೆ, ಅಲ್ಲಿನ ಒಣ ಹವೆಗೆ ಅದು ಕೂದಲೆಳೆಯಷ್ಟೂ ಅಲುಗಿಲ್ಲ. ರೆಕ್ಕೆಗೆ ಒಳಗಿನಿಂದ ದಪ್ಪ ಲಗ್ನಪತ್ರಿಕೆಯ ಪಟ್ಟಿ ಕೊಟ್ಟು, ಗಾಜಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಮೇಲೆ ಎರಡನೇ ಮಳೆಗಾಲ ಸಲೀಸಾಗಿ ದಾಟಿತು. ಚಕ್ರದ ಕಾಲಿನೊಳಗೆ ಉಕ್ಕಿನ ತಂತಿ ಹಾಕಿದ್ದೆ, ಅವು ಇವತ್ತಿಗೂ ನೆಟ್ಟಗಿವೆ.

1963ರಿಂದ ವಾಯುಪಡೆಯಲ್ಲಿದ್ದ ಈ ವಿಮಾನವನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. ಆ ದಿನ ಟಿವಿ ನೋಡುತ್ತಾ ಪೆಟ್ಟಿಗೆ ತೆಗೆದು ಇದರ ಧೂಳು ಒರೆಸಿದೆ. ಬೆಳಗಾವಿಯ ವಿಮಾನ ನಿಲ್ದಾಣ ಇರೋ ಸಾಂಬ್ರಾ ಕಡೆ ಬೆಳೆದವನಿಗೆ ವಿಮಾನ ಅಂದರೆ ಸುಮ್ನೆ ಅಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಮೊದಲ ಸಲ ಮಾಡುವವರು ಇದನ್ನು ತಗೋಬೇಡಿ, ಚಿಕ್ಕದೊಂದು ಕಟ್ಟಿ ಕೈ ಪಳಗಿಸಿಕೊಳ್ಳಿ. ತಗೊಂಡರೆ, ಬ್ಲೇಡ್ ಮುಟ್ಟೋ ಮುಂಚೆ ಎಲ್ಲಾ ಹಾಳೆ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ, ಎರಡೂ ಕಡೆ ವಾರ್ನಿಶ್ ಹೊಡೆದು ಒಂದು ರಾತ್ರಿ ಒಣಗಲು ಬಿಡಿ.