ಬೇಸಿಗೆ ರಜೆಗೆ ಬೆಟ್ಟವೋ, ಕಡಲೋ?

ಎಲ್ಲಿಗೆ ಹೋಗುವುದು ಅಂತ ಎಷ್ಟೇ ತಲೆ ಕೆಡಿಸಿಕೊಂಡರೂ ಕೊನೆಗೆ ಉಳಿಯುವುದು ಇವೆರಡೇ, ಅಲ್ವಾ?

ಸೆಕೆ ತಪ್ಪಿಸಿಕೊಳ್ಳುವುದೇ ಮುಖ್ಯ ಅಂದರೆ ಬೆಟ್ಟ. ಪ್ರತಿ 1000 ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಹಾಗಾಗಿ ಕೆಳಗೆ 38 ಡಿಗ್ರಿ ಸುಡುತ್ತಿದ್ದರೂ 2000 ಮೀಟರ್ ಎತ್ತರದಲ್ಲಿ 25ರ ಆಸುಪಾಸು ಇರುತ್ತದೆ, ರಾತ್ರಿ ಸ್ವೆಟರ್ ಬೇಕಾಗಬಹುದು. ಕಡಲ ತೀರದಲ್ಲಿ ಹಗಲು ತಂಗಾಳಿ ಬೀಸುತ್ತದೆ ನಿಜ. ಆದರೆ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ.

ಚಿಕ್ಕ ಮಕ್ಕಳಿದ್ದರೆ ನಾನು ಕಡಲಿಗೇ ಓಟು ಹಾಕುತ್ತೇನೆ. ಮರಳು, ನೀರು ಸಿಕ್ಕರೆ ಅವರಿಗೆ ಇಡೀ ದಿನ ಬೇರೇನೂ ಬೇಡ. ಬೆಟ್ಟದ ತಿರುವುಗಳಲ್ಲಿ ವಾಂತಿ, ಸುಸ್ತು, ರಗಳೆ. ಒಂದೇ ಭಯ ಅಂದರೆ ನೀರಿನ ಸೆಳೆತ. ಕಾವಲುಗಾರರು ಇರುವ ಕಡೆ ಮಾತ್ರ ಇಳಿಯಿರಿ, ಅಕಸ್ಮಾತ್ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರವಾಗಿ ಈಜಿ ದಣಿಯಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಹೊರಬನ್ನಿ.

ವಯಸ್ಸಾದವರ ಜೊತೆಗೂ ಕಡಲೇ ಸುಲಭ, ಮೊಣಕಾಲಿಗೆ ಹತ್ತಿಳಿಯುವ ಕಷ್ಟವಿಲ್ಲ. ಬೆಟ್ಟವೇ ಬೇಕೆಂದರೆ 2500 ಮೀಟರ್‌ಗಿಂತ ಕೆಳಗಿನ ಜಾಗ ನೋಡಿ, ಅದಕ್ಕಿಂತ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ.

ಸುಮ್ನೆ ನಡೆಯುತ್ತಾ, ಓದುತ್ತಾ ನಾಲ್ಕು ದಿನ ಕಳೆಯುವ ಆಸೆಯಿಂದ ಇಬ್ಬರೇ ಹೊರಟಿದ್ದರೆ ನಾನು ಬೆಟ್ಟವನ್ನೇ ಹೇಳುವುದು. ತಂಪಿದೆ ಅಂತ ಸನ್‌ಸ್ಕ್ರೀನ್ ಬಿಟ್ಟು ಹೋಗಬೇಡಿ, ಎತ್ತರದಲ್ಲಿ ಬಿಸಿಲು ಚರ್ಮವನ್ನು ಬೇಗ ಸುಡುತ್ತದೆ.